ಒಂದು ತೂತಿನ ಕಥೆ

ಪಬ್‌ಜಿ ಆಡಿದವರಿಗೆಲ್ಲ ಎಂ416 ಗೊತ್ತು. ಆಡದವರಿಗೂ ಗೊತ್ತಿರುತ್ತೆ, ರಾತ್ರಿ ಎರಡು ಗಂಟೆಗೆ ಹೆಡ್‌ಫೋನ್ ಹಾಕ್ಕೊಂಡು ರೂಮ್‌ಮೇಟ್ ಅದರ ಹೆಸರು ಹಿಡಿದು ಕೂಗಿದ್ದು ಕೇಳಿರ್ತೀರಿ. ಆ ಬಂದೂಕಿನ ಬಗ್ಗೆ ಒಂದು ವಿಷಯ ಗಮನಿಸಿದ್ದೀರಾ? ಅದು ಯಾವತ್ತೂ ಕೈಕೊಡಲ್ಲ. ಹೊಳೆ ಈಜಿ ದಾಟಿ, ಮರಳಲ್ಲಿ ಹೊರಳಿ, ಗುಂಡಿನ ಮೇಲೆ ಗುಂಡು ಹಾರಿಸಿ. ನಿಮ್ಮ ವೈಫೈ ಹೋಗಬಹುದು, ಬಂದೂಕು ಮಾತ್ರ ಜಾಮ್ ಆಗಲ್ಲ.

ತಮಾಷೆ ಏನಂದ್ರೆ, ಆ ಬಂದೂಕು ಹುಟ್ಟಿದ್ದೇ ಅದರ ಹಿಂದಿನ ತಲೆಮಾರುಗಳು ಜಾಮ್ ಆಗಿದ್ದಕ್ಕೆ. ಆಟದ ಎಂ416 ಅಂದ್ರೆ ನಿಜಜೀವನದ ಎಚ್‌ಕೆ416. ಅದರ ಹಿಂದೆ ಎಂ4, ಅದರ ಹಿಂದೆ ವಿಯೆಟ್ನಾಂ ಕಾಲದ ಮೋಟು ಕಾರ್ಬೈನುಗಳು, ಅದಕ್ಕೂ ಹಿಂದೆ ಎಂ16. ಈ ಅರವತ್ತು ವರ್ಷದ ವಂಶಾವಳಿಯ ಜಗಳವೆಲ್ಲ ನಳಿಗೆಯಲ್ಲಿ ಕೊರೆದ ಒಂದು ಸಣ್ಣ ತೂತಿನ ಸುತ್ತ.

ಜಗಳ ಅಂದೆ. ಅದರಲ್ಲಿ ಜೀವಗಳೂ ಹೋಗಿವೆ. 1967ರ ಏಪ್ರಿಲ್ ಕೊನೆ, ಮೇ ಮೊದಲ ವಾರ. ದಕ್ಷಿಣ ವಿಯೆಟ್ನಾಮಿನ ಉತ್ತರದ ಅಂಚಿನಲ್ಲಿ ಖೆ ಸಾನ್ ಅಂತ ಒಂದು ಜಾಗ. ಅದರ ಸುತ್ತಲಿನ ಬೆಟ್ಟಗಳಿಗೆ ಹೆಸರಿರಲಿಲ್ಲ, ಎತ್ತರದ ಲೆಕ್ಕದಲ್ಲಿ 861, 881 ಅಂತ ನಂಬರ್ ಅಷ್ಟೆ. ಆ ಬೆಟ್ಟಗಳಿಗಾಗಿ ನಡೆದ ಕಾಳಗದಲ್ಲಿ ಅಮೆರಿಕದ 155 ಮರೀನ್ ಸೈನಿಕರು ಸತ್ತರು. ಅವರ ಕೈಗೆ ಎಂ16 ಅನ್ನೋ ಹೊಸ ರೈಫಲ್ ಬಂದು ಕೆಲವೇ ವಾರ ಆಗಿತ್ತು. ಬದುಕಿ ಉಳಿದ ಒಬ್ಬ ಮರೀನ್ ಊರಿಗೆ ಬರೆದ ಪತ್ರ ಅಮೆರಿಕದ ಸಂಸತ್ತಿನಲ್ಲಿ ಓದಿಸಿಕೊಂಡಿತು. ಅದರ ಸಾರ ಇಷ್ಟು: ನಮ್ಮಲ್ಲಿ ಹೆಚ್ಚಿನವರನ್ನು ಕೊಂದದ್ದು ನಮ್ಮದೇ ಬಂದೂಕು. ಸತ್ತವರ ಪಕ್ಕದಲ್ಲೆಲ್ಲ ರೈಫಲ್ ಬಿಚ್ಚಿದ ಸ್ಥಿತಿಯಲ್ಲಿ ಬಿದ್ದಿತ್ತು, ಅದನ್ನು ರಿಪೇರಿ ಮಾಡ್ತಾ ಮಾಡ್ತಾ ಸತ್ತಿದ್ದರು.

ಮೇಲಿನವರ ಮೊದಲ ಉತ್ತರ ಏನಿತ್ತು ಗೊತ್ತಾ? ಹುಡುಗರು ಬಂದೂಕನ್ನು ಸರಿಯಾಗಿ ಕ್ಲೀನ್ ಮಾಡಿಲ್ಲ.

ಈ ಉತ್ತರ ಯಾಕೆ ಸುಳ್ಳು ಅಂತ ತಿಳೀಬೇಕಾದರೆ ಆ ತೂತು ಏನು ಮಾಡುತ್ತೆ ಅಂತ ಗೊತ್ತಿರಬೇಕು.

*

ಕಥೆ ಶುರುವಾಗೋದು 1889ರಲ್ಲಿ, ಅಮೆರಿಕದ ಯೂಟಾದಲ್ಲಿ. ಆಗ್ಡೆನ್ ಊರಿನ ಬಂದೂಕು ತಯಾರಕ ಜಾನ್ ಮೋಸೆಸ್ ಬ್ರೌನಿಂಗ್ ಗೆಳೆಯರ ಜೊತೆ ಗುರಿ ಹೊಡೆಯೋ ಪಂದ್ಯಕ್ಕೆ ಹೋಗಿದ್ದ. ಒಬ್ಬ ಗುಂಡು ಹಾರಿಸಿದಾಗ ನಳಿಗೆಯ ಬಾಯಿಯ ಮುಂದಿದ್ದ ಜೊಂಡುಹುಲ್ಲು ರಪ್ಪನೆ ಬಾಗಿತು. ಎಲ್ಲರೂ ಗುರಿ ನೋಡುತ್ತಿದ್ದರು, ಬ್ರೌನಿಂಗ್ ಹುಲ್ಲು ನೋಡಿದ. ಗುಂಡಿನ ಹಿಂದೆ ಬರೋ ಈ ಗಾಳಿಗೆ ಇಷ್ಟು ಶಕ್ತಿ ಇದೆ, ಸುಮ್ಮನೆ ಪೋಲಾಗ್ತಿದೆಯಲ್ಲ! ಮನೆಗೆ ಹೋಗಿ ಹಳೆಯ ವಿಂಚೆಸ್ಟರ್ ರೈಫಲ್ ಒಂದಕ್ಕೆ ಕಡ್ಡಿ-ಕೀಲು ಜೋಡಿಸಿ, ಆ ಗಾಳಿಯಿಂದಲೇ ಮುಂದಿನ ತೋಟಾ ತುಂಬುವ ಹಾಗೆ ಮಾಡಿದ. ಅದೇ ಯೋಚನೆ ಬೆಳೆದು 1895ರ ಕೋಲ್ಟ್-ಬ್ರೌನಿಂಗ್ ಮೆಷಿನ್ ಗನ್ ಆಯಿತು.

ತತ್ವ ಸರಳ. ತೋಟಾದೊಳಗಿನ ಮದ್ದು ಉರಿದು ಅನಿಲವಾಗುತ್ತೆ, ಅನಿಲ ಗುಂಡನ್ನು ಮುಂದಕ್ಕೆ ತಳ್ಳುತ್ತೆ. ನಳಿಗೆಯಲ್ಲಿ ಎಲ್ಲೋ ಒಂದು ಕಡೆ ಸಣ್ಣ ತೂತು ಕೊರೆದರೆ, ಗುಂಡು ಅದನ್ನು ದಾಟಿದ ಕೂಡಲೇ ಸ್ವಲ್ಪ ಅನಿಲ ಆ ತೂತಿನಿಂದ ಹೊರಬರುತ್ತೆ. ಆ ಕದ್ದ ಅನಿಲದ ಒತ್ತಡದಲ್ಲಿ ಹಿಂದಿನ ಬೋಲ್ಟ್ ಬೀಗ ಬಿಚ್ಚಿ, ಖಾಲಿ ತೋಟಾ ಎಳೆದು ಎಸೆದು, ಹೊಸ ತೋಟಾ ಒಳಗೆ ಹಾಕಬೇಕು. ಎಲ್ಲ ಕಣ್ಣು ಮಿಟುಕಿಸೋದ್ರೊಳಗೆ.

ಕಷ್ಟ ಇರೋದು ಎಷ್ಟು ಕದಿಯಬೇಕು, ಯಾವಾಗ ಕದಿಯಬೇಕು ಅನ್ನೋದರಲ್ಲಿ. ಕಮ್ಮಿ ಆದರೆ ಬೋಲ್ಟ್ ಪೂರ್ತಿ ಹಿಂದೆ ಬರಲ್ಲ, ಖಾಲಿ ತೋಟಾ ಒಳಗೇ ಸಿಕ್ಕಿಕೊಳ್ಳುತ್ತೆ. ಜಾಸ್ತಿ ಆದರೆ? ಅದು ಇನ್ನೂ ಕೆಟ್ಟದ್ದು. ಗುಂಡು ಹಾರುವ ಹೊತ್ತಿಗೆ ಹಿತ್ತಾಳೆಯ ತೋಟಾ ಒತ್ತಡಕ್ಕೆ ಉಬ್ಬಿ ಚೇಂಬರಿನ ಗೋಡೆಗೆ ಕಚ್ಚಿಕೊಂಡಿರುತ್ತೆ. ಒತ್ತಡ ಇಳಿದ ಮೇಲೆ ತಾನೇ ಸಡಿಲವಾಗುತ್ತೆ. ಅದಕ್ಕೂ ಮುಂಚೆ ಬೋಲ್ಟ್ ಅವಸರಪಟ್ಟು ಎಳೆದರೆ ತೋಟಾ ಬರಲ್ಲ, ಅದರ ಅಂಚು ಹರಿದು ಬರುತ್ತೆ. ಕುಕ್ಕರಿನ ಪ್ರೆಷರ್ ಇಳಿಯೋ ಮುಂಚೆ ಮುಚ್ಚಳ ಎಳೆಯಬಾರದು ಅಂತ ಅಮ್ಮ ಹೇಳ್ತಾರಲ್ಲ, ಅದೇ ಬುದ್ಧಿ ಇಲ್ಲೂ.

ಅಂದ್ರೆ ಆ ತೂತು ಒಂಟಿಯಲ್ಲ. ಯಾವ ಮದ್ದು, ನಳಿಗೆ ಎಷ್ಟು ಉದ್ದ, ತೂತು ಎಲ್ಲಿದೆ, ಬೋಲ್ಟ್ ಎಷ್ಟು ಭಾರ, ಚೇಂಬರ್ ಎಷ್ಟು ನುಣುಪು — ಇಷ್ಟೂ ಜನರ ನಡುವಿನ ಒಪ್ಪಂದ ಅದು. ಒಬ್ಬರನ್ನು ಬದಲಾಯಿಸಿದರೆ ಉಳಿದವರನ್ನು ಕೇಳಬೇಕು.

*

ಯೂಜಿನ್ ಸ್ಟೋನರ್ ಕಾಲೇಜು ಮೆಟ್ಟಿಲು ಹತ್ತಿದ ಎಂಜಿನಿಯರ್ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆಯಲ್ಲಿದ್ದು ವಿಮಾನದ ಮದ್ದುಗುಂಡುಗಳ ಕೆಲಸ ಮಾಡಿದ್ದವನು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆರ್ಮಲೈಟ್ ಅನ್ನೋ ಪುಟ್ಟ ಕಂಪನಿ ಸೇರಿದ. ವಿಮಾನ ಕಂಪನಿಯ ಅಂಗ ಅದು, ಹಾಗಾಗಿ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಬಳಸೋದು ಅವರಿಗೆ ಹೊಸದಲ್ಲ.

ಆಗಿನ ರೈಫಲ್‌ಗಳಲ್ಲಿ ಕದ್ದ ಅನಿಲ ಒಂದು ಉಕ್ಕಿನ ಪಿಸ್ಟನ್ನನ್ನು ತಳ್ಳುತ್ತಿತ್ತು, ಪಿಸ್ಟನ್ ಬೋಲ್ಟನ್ನು ತಳ್ಳುತ್ತಿತ್ತು. ಸ್ಟೋನರ್ ಆ ಉದ್ದದ ಪಿಸ್ಟನ್ ಕಿತ್ತುಹಾಕಿದ. ತೂತಿನಿಂದ ಒಂದು ತೆಳು ಕೊಳವೆ ಎಳೆದು, ಅನಿಲವನ್ನು ನೇರ ಬೋಲ್ಟಿನ ಕವಚದೊಳಕ್ಕೇ ಬಿಟ್ಟ. ಸ್ವೀಡನ್, ಫ್ರಾನ್ಸ್ ರೈಫಲ್‌ಗಳಲ್ಲಿ ಕೊಳವೆಯ ಯೋಚನೆ ಮೊದಲೇ ಇತ್ತು. ಬೋಲ್ಟ್ ಮತ್ತು ಕವಚವನ್ನೇ ಪಿಸ್ಟನ್ ಥರ ಕೆಲಸ ಮಾಡಿಸಿದ್ದು ಸ್ಟೋನರನ ಜಾಣ್ಮೆ. 1956ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1960ರಲ್ಲಿ ಸಿಕ್ಕಿತು. ಫಲ: ತೂಕ ಕಮ್ಮಿ, ಅಲುಗಾಟ ಕಮ್ಮಿ. ಬೆಲೆ: ಮಸಿ ಮತ್ತು ಬಿಸಿ ಎರಡೂ ಬಂದೂಕಿನ ಹೊಟ್ಟೆಯೊಳಗೆ. ಎಲ್ಲರ ಮನೆ ದೋಸೆನೂ ತೂತೇ ತಾನೆ.

ಎಆರ್-15 ಅನ್ನೋ ಈ ರೈಫಲ್ಲಿನ ನಳಿಗೆ 20 ಇಂಚು. ಗುಂಡು ಸುಮಾರು 13 ಇಂಚು ಹೋದ ಮೇಲೆ ತೂತು ಬರುತ್ತೆ, ಅಷ್ಟರಲ್ಲಿ ಒತ್ತಡ ತಕ್ಕಮಟ್ಟಿಗೆ ಇಳಿದಿರುತ್ತೆ. ತೂತಿನ ಮುಂದೆ ಇನ್ನೂ ಸುಮಾರು ಏಳು ಇಂಚು ದಾರಿ. ಡುಪಾಂಟ್ ಕಂಪನಿಯ ಐಎಂಆರ್ ಮದ್ದಿಗೆ ಹೊಂದಿಸಿ ಮಾಡಿದ್ದ ಲೆಕ್ಕ. ಎಲ್ಲ ಸಮತೂಕದಲ್ಲಿತ್ತು.

1959ರಲ್ಲಿ ಕೋಲ್ಟ್ ಕಂಪನಿ ಹಕ್ಕು ಕೊಂಡಿತು. 1960ರ ಜುಲೈ 4ರಂದು ಮೇರಿಲ್ಯಾಂಡಿನ ಒಂದು ತೋಟದಲ್ಲಿ ವಾಯುಸೇನೆಯ ಜನರಲ್ ಕರ್ಟಿಸ್ ಲಿಮೇ ಈ ರೈಫಲ್ ಹಿಡಿದು ಕಲ್ಲಂಗಡಿ ಹಣ್ಣುಗಳಿಗೆ ಗುಂಡಿಟ್ಟ. ಹಣ್ಣು ಚೂರುಚೂರಾಯಿತು, ಜನರಲ್ ಫಿದಾ ಆದ. ಒಂದು ದೇಶದ ರೈಫಲ್ ಆಯ್ಕೆಯ ದಾರಿ ಶುರುವಾಗಿದ್ದು ಹೀಗೆ, ನಗಬೇಡಿ.

*

ಎಡವಟ್ಟಾದದ್ದು 1964ರಲ್ಲಿ. ಸೇನೆ ಗುಂಡಿಗೆ ಇಂತಿಷ್ಟೇ ವೇಗ ಬೇಕು ಅಂತ ಪಟ್ಟು ಹಿಡಿದಿತ್ತು, ಸೆಕೆಂಡಿಗೆ 3,250 ಅಡಿ. ಒತ್ತಡದ ಮಿತಿ ಮೀರದೆ ಲಾಟ್ ಮೇಲೆ ಲಾಟ್ ಆ ವೇಗ ಕೊಡೋದು ಐಎಂಆರ್ ಮದ್ದಿಗೆ ಕಷ್ಟವಾಯಿತು. ಸೇನೆ ಆಲಿನ್ ಮ್ಯಾಥಿಸನ್ ಕಂಪನಿಯ ಬಾಲ್ ಪೌಡರಿಗೆ ಹೊರಳಿತು. ಹಳೆಯ ಮದ್ದು ಕಡ್ಡಿ ಥರ, ಇದು ಸಣ್ಣ ಸಣ್ಣ ಗುಂಡು ಮಣಿ. ವೇಗ ಬಂತು. ಆದರೆ ಈ ಮದ್ದಿನ ಒತ್ತಡ ಉರಿದ ಜಾಗದಿಂದ ದೂರದವರೆಗೂ ಗಟ್ಟಿಯಾಗಿ ಉಳಿಯುತ್ತಿತ್ತು. ಅಂದ್ರೆ ತೂತಿನ ಹತ್ತಿರ ಒತ್ತಡ ಹೆಚ್ಚು. ನಿಮಿಷಕ್ಕೆ 750ರ ಆಸುಪಾಸು ಗುಂಡು ಹಾರಿಸಬೇಕಿದ್ದ ಯಂತ್ರ 900, 1,000ಕ್ಕೆ ಹಾರತೊಡಗಿತು. ಬೋಲ್ಟ್ ಅವಸರಪಟ್ಟಿತು. ಕುಕ್ಕರಿನ ಮುಚ್ಚಳ ಪ್ರೆಷರ್ ಇರುವಾಗಲೇ ಎಳೆದಂತಾಯಿತು. ಜೊತೆಗೆ ಹೊಸ ಮದ್ದಿನ ಮಸಿ ಬೇರೆ.

ಸ್ಟೋನರನನ್ನು ಕೇಳಿದರಾ? ಕೇಳಿದರು, ನಿರ್ಧಾರ ಆದ ಮೇಲೆ. ಪೆಂಟಗನ್ನಿನ ಒಬ್ಬ ಅಧಿಕಾರಿ ಅವನಿಂದ ಒಪ್ಪಿಗೆಯ ಮಾತು ಬಯಸಿದ. ಆಗಲೇ ತೀರ್ಮಾನ ಮಾಡಿ ಆಗಿದೆ, ನನ್ನನ್ನೇಕೆ ಕೇಳ್ತೀರಿ ಅಂದ ಸ್ಟೋನರ್. ನೀವು ಹೂಂ ಅಂದಿದ್ದರೆ ನನಗೆ ಸಮಾಧಾನವಾಗ್ತಿತ್ತು ಅಂದ ಅಧಿಕಾರಿ. ಹಾಗಾದರೆ ಈಗ ಇಬ್ಬರಿಗೂ ಸಮಾಧಾನವಿಲ್ಲ ಬಿಡಿ, ಅಂದನಂತೆ ಸ್ಟೋನರ್. ಈ ಮಾತುಕತೆಯನ್ನು ಮುಂದೆ ಸಂಸತ್ತಿನ ಸಮಿತಿಯೆದುರು ಅವನೇ ಹೇಳಿದ.

ಇನ್ನೊಂದು ವಿವರ ಇದೆ, ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹೊಸ ಮದ್ದಿನಲ್ಲಿ ಪರೀಕ್ಷಿಸಿದರೆ ವೇಗದ ಮಿತಿ ಮೀರುತ್ತೆ, ರೈಫಲ್ ಪಾಸಾಗಲ್ಲ ಅಂತ ಕೋಲ್ಟ್ ಕಂಪನಿ ಹೇಳಿತು. ಅದಕ್ಕೆ ಸೇನೆ ಮಾಡಿದ್ದೇನು? ಕಾರ್ಖಾನೆಯ ಪರೀಕ್ಷೆಗೆ ಹಳೆಯ ಮದ್ದಿನ ತೋಟಾ ಬಳಸಲು ಅನುಮತಿ ಕೊಟ್ಟಿತು. ಯುದ್ಧಭೂಮಿಗೆ ಹೊಸ ಮದ್ದಿನ ತೋಟಾ ಕಳಿಸುತ್ತಲೇ ಇತ್ತು. ಐಟಿಯಲ್ಲಿರೋರಿಗೆ ಬಿಡಿಸಿ ಹೇಳಬೇಕಿಲ್ಲ. ಟೆಸ್ಟ್ ಸರ್ವರಿನಲ್ಲಿ ಒಂದು ವರ್ಷನ್, ಪ್ರೊಡಕ್ಷನ್ನಿನಲ್ಲಿ ಇನ್ನೊಂದು. ವ್ಯತ್ಯಾಸ ಇಷ್ಟೇ, ಇಲ್ಲಿ ಪ್ರೊಡಕ್ಷನ್ ಅಂದ್ರೆ ಹತ್ತೊಂಬತ್ತು-ಇಪ್ಪತ್ತರ ಹುಡುಗರು.

ಇದರ ಮೇಲೆ ಚೇಂಬರಿಗೆ ಕ್ರೋಮ್ ಲೇಪನ ಇಲ್ಲ, ತೇವದ ಕಾಡಿನಲ್ಲಿ ತುಕ್ಕು ಹಿಡಿದು ಗೋಡೆ ಒರಟಾಗ್ತಿತ್ತು. ಹಿಂದಿನ ಎಂ14 ರೈಫಲ್ಲಿಗೆ ಕ್ರೋಮ್ ಇತ್ತು ಅನ್ನೋದು ಗಮನಿಸಿ. ಈ ಬಂದೂಕಿಗೆ ಕ್ಲೀನಿಂಗೇ ಬೇಡ ಅನ್ನೋ ಗಾಳಿಮಾತು ಹಬ್ಬಿತ್ತು, ಒರೆಸೋ ಸಾಮಾನು ಸಾಕಷ್ಟು ಕಳಿಸಿರಲೂ ಇಲ್ಲ. ಉಬ್ಬಿದ ತೋಟಾ ಒರಟು ಗೋಡೆಗೆ ಕಚ್ಚಿಕೊಂಡರೆ ಉಳಿದ ದಾರಿ ಒಂದೇ: ನಳಿಗೆಯ ಬಾಯಿಯಿಂದ ಉದ್ದದ ಕಡ್ಡಿ ತೂರಿಸಿ ತಳ್ಳೋದು. ಶತ್ರು ಎದುರಿಗಿರುವಾಗ. ನೂರು ವರ್ಷದ ಹಿಂದಿನ ಸಿಪಾಯಿ ಮದ್ದು ಗಿಡಿಯುತ್ತಿದ್ದ ಹಾಗೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ನಿಜವಾಗಿ ಡೊಂಕಿತ್ತು. ಡೊಂಕು ಮಾಡಿದವರೇ ನಿಂತು, ನಿನಗೆ ಕುಣಿಯಲು ಬರಲ್ಲ ಅಂತ ಹೇಳುತ್ತಿದ್ದರು.

1967ರ ಮೇನಲ್ಲಿ ಸಂಸದ ರಿಚರ್ಡ್ ಐಕಾರ್ಡ್ ನೇತೃತ್ವದ ಸಮಿತಿ ವಿಚಾರಣೆ ಶುರುಮಾಡಿತು. ಅಕ್ಟೋಬರಿನ ವರದಿ ಮದ್ದಿನ ಬದಲಾವಣೆಯನ್ನೇ ಮುಖ್ಯ ಕಾರಣವಾಗಿ ಹಿಡಿಯಿತು. ದೋಷ ಸರಿಪಡಿಸದ ಸೇನಾಧಿಕಾರಿಗಳ ನಡತೆ ಅಪರಾಧದ ಅಂಚಿನ ನಿರ್ಲಕ್ಷ್ಯ ಅಂತ ಬರೆಯಿತು. ಭಾರದ ಬಫರ್, ಕ್ರೋಮ್ ಚೇಂಬರ್, ಮಸಿ ಕಮ್ಮಿ ಮಾಡಲು ಮದ್ದಿನಲ್ಲಿ ತಿದ್ದುಪಡಿ, ಎಲ್ಲರಿಗೂ ಕ್ಲೀನಿಂಗ್ ಕಿಟ್ ಬಂದವು. ಪ್ರಸಿದ್ಧ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಕೈಲಿ ಬಂದೂಕು ನೋಡಿಕೊಳ್ಳುವುದು ಹೇಗೆ ಅಂತ ಬಣ್ಣದ ಚಿತ್ರಪುಸ್ತಕವನ್ನೂ ಮಾಡಿಸಿದರು. ತಿದ್ದಿದ ಎಂ16ಎ1 ಒಳ್ಳೆ ರೈಫಲ್ಲೇ ಆಯಿತು. ಸ್ಟೋನರನ ವಿನ್ಯಾಸ ಕೆಟ್ಟದ್ದಾಗಿರಲಿಲ್ಲ. ಒಪ್ಪಂದ ಮುರಿದಿತ್ತು ಅಷ್ಟೆ.

*

ಪಾಠ ಕಲಿತರು ಅಂದ್ಕೊಂಡ್ರಾ? ಅದೇ ಹೊತ್ತಿಗೆ ಪಕ್ಕದ ಮೇಜಿನ ಮೇಲೆ ಅದೇ ರೈಫಲ್ಲನ್ನು ಗಿಡ್ಡ ಮಾಡುವ ಕೆಲಸ ನಡೀತಿತ್ತು.

ಬಯಕೆ ನ್ಯಾಯವಾದದ್ದೇ. ಕಾಡಿನ ಪೊದೆ, ಹೆಲಿಕಾಪ್ಟರಿನ ಬಾಗಿಲು, ಜೀಪಿನ ಸೀಟು, ಎಲ್ಲ ಕಡೆ ಉದ್ದದ ಕೋವಿ ಅಡ್ಡಿ. ಗಡಿಯಾಚೆ ಗುಟ್ಟಾಗಿ ನುಗ್ಗುತ್ತಿದ್ದ ವಿಶೇಷ ಪಡೆಗಳಿಗೆ ಪುಟ್ಟ ಆಯುಧ ಬೇಕಿತ್ತು. ಕೋಲ್ಟ್ 10 ಇಂಚು ನಳಿಗೆಯ ಕಾರ್ಬೈನ್ ಮಾಡಿತು. ಸೇನೆ ಅದರ ಒಂದು ರೂಪವನ್ನು ಎಕ್ಸ್‌ಎಂ177 ಅಂತ ಕರೆಯಿತು.

ಗರಗಸ ಹಿಡಿದು ಕತ್ತರಿಸಿದರೆ ಮುಗೀತಲ್ಲ ಅನ್ನಿಸುತ್ತೆ. ಆದರೆ ತೂತನ್ನು ನೆನೆಸಿಕೊಳ್ಳಿ. ಅದಕ್ಕೆ ಎರಡು ದೂರಗಳು ಮುಖ್ಯ. ಹಿಂದಿನ ದೂರ, ಅಂದ್ರೆ ಗುಂಡು ಹೊರಟ ಜಾಗದಿಂದ ತೂತಿನವರೆಗೆ. ಮುಂದಿನ ದೂರ, ಅಂದ್ರೆ ತೂತಿನಿಂದ ನಳಿಗೆಯ ಬಾಯಿಯವರೆಗೆ. ಮೋಟು ನಳಿಗೆಯಲ್ಲಿ ತೂತನ್ನು ಸುಮಾರು ಏಳೂವರೆ ಇಂಚಿಗೆ ತರಬೇಕಾಯಿತು. ಅಲ್ಲಿ ಅನಿಲ ಇನ್ನೂ ಕೆಂಡ, ಒತ್ತಡ ವಿಪರೀತ. ಇತ್ತ ಮುಂದೆ ಉಳಿದದ್ದು ಬರೀ ಎರಡೂವರೆ ಇಂಚು. ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣ ಒತ್ತಡ ಕುಸಿಯುತ್ತೆ, ಕದಿಯೋಕೆ ಏನೂ ಉಳಿಯಲ್ಲ. ಉದ್ದದ ರೈಫಲ್ಲಿನಲ್ಲಿ ಈ ಕಳ್ಳನಿಗೆ ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲಿನಷ್ಟು ಸಮಯ ಸಿಗುತ್ತಿತ್ತು. ಮೋಟು ಬಂದೂಕಿನಲ್ಲಿ ಅದರ ಅರ್ಧವೂ ಇಲ್ಲ. ಅಂದ್ರೆ ಸಿಗೋ ಅನಿಲ ತುಂಬಾ ಜೋರು, ಆದರೆ ತುಂಬಾ ಸ್ವಲ್ಪ ಹೊತ್ತು. ತೂತು ದೊಡ್ಡದು ಮಾಡಿದರೆ ಬೋಲ್ಟ್ ಸುತ್ತಿಗೆ ಹೊಡೆದಂತೆ ಹಿಂದೆ ಬರುತ್ತೆ, ಸಣ್ಣದು ಮಾಡಿದರೆ ಬರೋದೇ ಇಲ್ಲ. ಮಧ್ಯದ ದಾರಿ ಬಹಳ ಕಿರಿದು. ಸ್ವಲ್ಪ ಚಳಿ, ಸ್ವಲ್ಪ ಧೂಳು, ಬೇರೆ ಲಾಟಿನ ಮದ್ದು, ಯಾವುದಾದರೂ ಒಂದು ಸಾಕು ದಾರಿ ತಪ್ಪೋಕೆ.

ಮೋಟು ನಳಿಗೆಯಿಂದ ಕಿವಿ ಒಡೆಯೋ ಸದ್ದು, ಬೆಂಕಿಯ ಚೆಂಡು ಬೇರೆ. ಅದಕ್ಕೆ ಬಾಯಿಗೆ ನಾಲ್ಕು ಇಂಚು ಚಿಲ್ಲರೆ ಉದ್ದದ ಮಾಡರೇಟರ್ ಅನ್ನೋ ಡಬ್ಬಿ ಸಿಕ್ಕಿಸಿದರು. ಸದ್ದು, ಬೆಳಕು ತಗ್ಗಿದವು, ಜೊತೆಗೆ ಅನಿಲವನ್ನು ಒಂದು ಚೂರು ಹೊತ್ತು ತಡೆದು ಬಂದೂಕು ನೆಟ್ಟಗೆ ನಡೆಯೋ ಹಾಗೂ ಮಾಡಿತು. ಗಿಡ್ಡ ಮಾಡಲು ಕತ್ತರಿಸಿದ್ದನ್ನು ಡಬ್ಬಿ ಹಾಕಿ ವಾಪಸ್ ಉದ್ದ ಮಾಡಿದ ಹಾಗಾಯಿತು. ಮೂಗಿಗಿಂತ ಮೂಗುತಿ ಭಾರ. ಡಬ್ಬಿಯೊಳಗೆ ಮಸಿ ಕಟ್ಟುವ ತೊಂದರೆಯೂ ಇತ್ತು. 1967ರಲ್ಲಿ ನಳಿಗೆಯನ್ನು 11.5 ಇಂಚಿಗೆ ಏರಿಸಿದರು. ಕೂಲಂಕಷ ಅಧ್ಯಯನ ಮಾಡೋಣ ಅನ್ನೋ ಪ್ರಸ್ತಾವ ಬರುವಷ್ಟರಲ್ಲಿ ಯುದ್ಧದ ಉತ್ಸಾಹ ಇಳಿದಿತ್ತು. 1970ರ ಹೊತ್ತಿಗೆ ತಯಾರಿಕೆ ನಿಂತಿತು. ಮುಂದೆ ಅಮೆರಿಕ ಸರ್ಕಾರ ಆ ಡಬ್ಬಿಯನ್ನು ಕಾನೂನಿನ ಲೆಕ್ಕದಲ್ಲಿ ಸೈಲೆನ್ಸರ್ ಅಂತಲೇ ತೀರ್ಮಾನಿಸಿತು.

ಇಪ್ಪತ್ತು ವರ್ಷ ದಾಟಿತು. 1994ರಲ್ಲಿ ಎಂ4 ಕಾರ್ಬೈನ್ ಅಧಿಕೃತವಾಯಿತು. ಕೌಂಟರ್-ಸ್ಟ್ರೈಕ್ ತಲೆಮಾರಿನವರಿಗೆ ಪರಿಚಯ ಬೇಡ. ನಳಿಗೆ 14.5 ಇಂಚಿಗೆ ಬೆಳೆದಿತ್ತು, ತೂತು ಮಾತ್ರ ಮೋಟು ಕಾರ್ಬೈನಿನ ಹಳೆ ಜಾಗದಲ್ಲೇ ಉಳಿದಿತ್ತು. ಸಾಮಾನ್ಯ ಸೈನಿಕನಿಗೆ ಅಡ್ಡಿಯಿಲ್ಲ, ನಡೀತು. ಸಾವಿರಾರು ಗುಂಡು ಹಾರಿಸುವ ವಿಶೇಷ ಪಡೆಗಳ ಕೈಲಿ ಬೋಲ್ಟಿನ ಹಲ್ಲುಗಳು ಬಿರುಕು ಬಿಟ್ಟವು. 10.3 ಇಂಚಿನ ಎಂಕೆ18ರಲ್ಲಿ ಕಷ್ಟ ಇನ್ನೂ ಹೆಚ್ಚು.

ಆಗ ಬಂದದ್ದು ನಮ್ಮ ಆಟದ ನಾಯಕ. ಅಮೆರಿಕದ ಡೆಲ್ಟಾ ಪಡೆಗಾಗಿ ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಕಂಪನಿ ಸ್ಟೋನರ್ ಕಿತ್ತಿದ್ದ ಪಿಸ್ಟನ್ನನ್ನು ಮತ್ತೆ ತಂದು ಕೂರಿಸಿತು. ಗಿಡ್ಡ ಪಿಸ್ಟನ್, ಅನಿಲ ಮುಂದೆಯೇ ಉಳಿದು ಹೊರಹೋಗುತ್ತೆ, ಹೊಟ್ಟೆಯೊಳಗೆ ಮಸಿಯಿಲ್ಲ. ಅದೇ ಎಚ್‌ಕೆ416. 2007ರಲ್ಲಿ ಅಮೆರಿಕದ ಸೇನೆ ಧೂಳಿನ ಕೋಣೆಯಲ್ಲಿ ನಾಲ್ಕು ಬಗೆಯ ಬಂದೂಕುಗಳನ್ನಿಟ್ಟು, ಒಂದೊಂದು ಬಗೆಗೆ 60,000 ಗುಂಡು ಹಾರಿಸಿತು. ಎಂ4 882 ಸಲ ನಿಂತಿತು, ಎಚ್‌ಕೆ416 233 ಸಲ. ಎಂ4ನ ತಡೆಗಳಲ್ಲಿ ಒಂದಷ್ಟು ಮ್ಯಾಗಜಿನ್ನಿನ ತಪ್ಪಿನಿಂದ ಅನ್ನೋದನ್ನೂ ಹೇಳಬೇಕು. ನಾರ್ವೆ 416 ಕೊಂಡಿತು, 2016ರಲ್ಲಿ ಫ್ರಾನ್ಸ್ ಆರಿಸಿತು.

ಹಾಗಂತ ಪಿಸ್ಟನ್ ಮಾಯಾದಂಡವಲ್ಲ. ತೂಕ ಮುಂದಕ್ಕೆ ಬರುತ್ತೆ, ಅಲುಗಾಟ ಹೆಚ್ಚುತ್ತೆ, ಬೆಲೆಯೂ. ಸ್ಟೋನರನ ಕೊಳವೆಯನ್ನೇ ಉಳಿಸಿಕೊಂಡು, ತೂತನ್ನು ಒಂದಿಷ್ಟು ಮುಂದೆ ಸರಿಸಿ ಗೆದ್ದವರೂ ಇದ್ದಾರೆ. ದಾರಿ ಎರಡಿರಬಹುದು. ಎರಡೂ ಕಡೆ ಮದ್ದು, ನಳಿಗೆ, ಬೋಲ್ಟ್ ಮೂವರನ್ನೂ ಕೂರಿಸಿ ಕೇಳಲೇಬೇಕು.

ಇದೆಲ್ಲ ಅಮೆರಿಕದ ಮನೆಕಥೆ, ನಮಗೇನು ಅನ್ನಬೇಡಿ. 2019ರ ಫೆಬ್ರವರಿಯಲ್ಲಿ ಭಾರತೀಯ ಸೇನೆ ಅಮೆರಿಕದ ಸಿಗ್ ಸಾವರ್ ಕಂಪನಿಯಿಂದ 72,400 ಸಿಗ್716 ರೈಫಲ್ ಕೊಳ್ಳಲು ಸಹಿ ಹಾಕಿತು. ಅದು ಸ್ಟೋನರನ ಎಆರ್-10 ವಂಶದ್ದೇ, ಅದರ ಮೊಮ್ಮಗ. ಗಡಿಯ ಚಳಿಯಲ್ಲಿ ನಿಂತ ನಮ್ಮ ಜವಾನನ ಕೈಯಲ್ಲೂ ಆ ತೂತಿದೆ. ಅವನಿಗೆ ಕೊಟ್ಟ ತೋಟಾ, ಆ ತೂತು ಒಬ್ಬರಿಗೊಬ್ಬರು ಪರಿಚಯವಿದ್ದಾರಾ ಅಂತ ಕೇಳೋದು ಅವನ ಕೆಲಸವಲ್ಲ. ಹಿಂದೆ ಕಚೇರಿಯಲ್ಲಿ ಕೂತವರ ಕೆಲಸ.

ನಾವೂ ಕಚೇರಿಯಲ್ಲಿ ಕೂತವರೇ. ಸೋಮವಾರ ಯಾರೋ ಟಿಕೆಟ್ ತೆಗೆದು, ಇದು ಯೂಸರ್ ಎರರ್, ಕ್ಲೋಸ್ ಮಾಡಿ ಅಂತಾರೆ. ಇರಬಹುದು, ಎಷ್ಟೋ ಸಲ ಹೌದು ಕೂಡ. ಆದರೂ ಕ್ಲೋಸ್ ಬಟನ್ ಒತ್ತೋ ಮುಂಚೆ 881ನೇ ಬೆಟ್ಟದ ಮೇಲೆ ಬಿಚ್ಚಿ ಬಿದ್ದಿದ್ದ ಆ ರೈಫಲ್‌ಗಳನ್ನು ಒಂದು ಸಲ ನೆನೆಸಿಕೊಳ್ಳಿ. ಮಧ್ಯೆ ಮದ್ದು ಬದಲಾಯಿಸಿದ್ದು ಯಾರು ಅಂತ ಕೇಳಿ ನೋಡಿ.